ಪಾರ್ಕರ್ ಮನೆ ಎದುರಿನ ಭಾನುವಾರ

ಆಗಸ್ಟ್ ಅರ್ಧ ಕಳೆಯಿತು ಅಂದರೆ ನಾನು ಗ್ಯಾರೇಜಿನಲ್ಲಿರುವ ಮಡಚುವ ಕುರ್ಚಿಗಳನ್ನು ಆಚೆ ತೆಗೆದು ಒರೆಸುತ್ತೇನೆ. ನಮ್ಮ ಮನೆ ಇರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ಅಲ್ಲಿಂದ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ ಚಾರ್ಲಿ ಪಾರ್ಕರ್ ಜಾಜ್ ಫೆಸ್ಟಿವಲ್ ಕೇಳಿ ಬರದಿದ್ದರೆ ನನಗೆ ಬೇಸಿಗೆ ಮುಗಿದ ಹಾಗೆ ಅನ್ನಿಸುವುದಿಲ್ಲ. ಒಂಬತ್ತು ವರ್ಷದಲ್ಲಿ ಏಳು ಸಲ ಹೋಗಿದ್ದೇನೆ. ಒಂದು ವರ್ಷ ಕೋವಿಡ್. ಇನ್ನೊಂದು ವರ್ಷ ಅಮ್ಮನ ಆಪರೇಷನ್ ಅಂತ ಮೈಸೂರಿನಲ್ಲಿದ್ದೆ.

ಇಲ್ಲಿರುವ ನಮ್ಮ ಕನ್ನಡದವರಿಗೆ ಈ ಕಛೇರಿಗಳ ಬಗ್ಗೆ ಹೇಳಿದಾಗ ಎರಡೇ ಪ್ರಶ್ನೆ ಬರುತ್ತವೆ. ಟಿಕೆಟ್ ಎಷ್ಟು? ನಮಗೆ ಜಾಜ್ ಅರ್ಥ ಆಗತ್ತಾ? ಮೊದಲನೆಯದಕ್ಕೆ ಉತ್ತರ ಸುಲಭ. ಟಿಕೆಟ್ ಇಲ್ಲ. ಪಾರ್ಕಿಗೆ ಹೋಗಿ ಕೂತರೆ ಆಯಿತು. ಎರಡನೆಯದಕ್ಕೆ ಉತ್ತರ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಚಾರ್ಲಿ ಪಾರ್ಕರ್ ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು. ಜನ ಪ್ರೀತಿಯಿಂದ 'ಬರ್ಡ್' ಅಂತ ಕರೆಯುತ್ತಿದ್ದರು. ಹುಟ್ಟಿದ್ದು 1920ರ ಆಗಸ್ಟ್ 29, ಕ್ಯಾನ್ಸಸ್ ಸಿಟಿಯಲ್ಲಿ. ತೀರಿಕೊಂಡದ್ದು 1955ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಅವರಿಗೆ ಬರೀ 34 ವರ್ಷ. ಟ್ರಂಪೆಟ್ ನುಡಿಸುತ್ತಿದ್ದ ಡಿಜ್ಜಿ ಗಿಲೆಸ್ಪಿ ಮತ್ತೆ ಇನ್ನೊಂದಿಷ್ಟು ಗೆಳೆಯರ ಜೊತೆ ಸೇರಿ, ಕುಣಿಯುವವರ ಸಂಗೀತವಾಗಿದ್ದ ಜಾಜನ್ನು ಕೂತು ಕೇಳುವ ಸಂಗೀತ ಮಾಡಿದರು. ಅದಕ್ಕೆ ಬೀಬಾಪ್ ಅನ್ನುತ್ತಾರೆ. ಅವರ ಹುಟ್ಟುಹಬ್ಬದ ಸುಮಾರಿಗೆ, ಅಂದರೆ ಆಗಸ್ಟ್ ಕೊನೆಯ ಹೊತ್ತಿಗೆ, 1993ರಿಂದ ಈ ಫೆಸ್ಟಿವಲ್ ನಡೆಯುತ್ತಿದೆ. ನಡೆಸುವುದು ಸಿಟಿ ಪಾರ್ಕ್ಸ್ ಫೌಂಡೇಷನ್. ಬೇಸಿಗೆ ಪೂರ್ತಿ ಊರಿನ ಪಾರ್ಕುಗಳಲ್ಲಿ ಸಂಗೀತ ಏರ್ಪಡಿಸುವ 'ಸಮ್ಮರ್‌ಸ್ಟೇಜ್' ಸರಣಿಯ ಭಾಗ ಇದು. ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಹಾರ್ಲೆಮ್‌ನ ಮಾರ್ಕಸ್ ಗಾರ್ವಿ ಪಾರ್ಕಿನಲ್ಲಿ. ಭಾನುವಾರ ಮಧ್ಯಾಹ್ನ ಈಸ್ಟ್ ವಿಲೇಜಿನ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ.

ನನಗೆ ಬಿಟ್ಟಿ ಸಂಗೀತ ಹೊಸದಲ್ಲ. ನಾನು ಬೆಳೆದದ್ದು ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ. ಗಣೇಶನ ಹಬ್ಬ ಬಂದರೆ ಎಂಟನೇ ಕ್ರಾಸಿನಲ್ಲಿ ರಸ್ತೆಗೇ ಪೆಂಡಾಲ್ ಹಾಕುತ್ತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಬಂದು ಬೀದಿಯಲ್ಲಿ ಕೂತು ಹಾಡುತ್ತಿದ್ದರು. ಯಾರು ಬೇಕಾದರೂ ಕೇಳಬಹುದಿತ್ತು. ಸೈಕಲ್ ನಿಲ್ಲಿಸಿಕೊಂಡು ಒಂದು ಕಾಲು ನೆಲಕ್ಕೆ ಊರಿ ಇಡೀ ಆಲಾಪನೆ ಕೇಳಿ ಹೋಗುವವರಿದ್ದರು. ಕಾಂಪೌಂಡ್ ಗೋಡೆ ಮೇಲೆ ಹುಡುಗರು. ಮನೆ ಜಗಲಿ ಮೇಲೆ ಅಜ್ಜಿಯರು. ಹಾಗಾಗಿ, ಒಳ್ಳೆಯ ಸಂಗೀತ ಅಂದರೆ ಬೀದಿಯಲ್ಲಿ ಎಲ್ಲರಿಗೂ ಸಿಗುವಂಥದ್ದು ಅನ್ನುವುದು ನನಗೆ ಚಿಕ್ಕಂದಿನಿಂದ ಬಂದ ನಂಬಿಕೆ. ಈ ದೇಶಕ್ಕೆ ಬಂದ ಮೇಲೆ ಎಷ್ಟೋ ವರ್ಷ ಅದು ಸಿಗಲಿಲ್ಲ. ಸಂಗೀತ ಅಂದರೆ ಹಾಲ್, ಟಿಕೆಟ್, ಪಾರ್ಕಿಂಗ್, ಕೋಟು. ಟಾಂಪ್ಕಿನ್ಸ್ ಸ್ಕ್ವೇರಿನಲ್ಲಿ ಮೊದಲ ಸಲ ಕೂತಾಗ ಬೇಲಿ ಹಿಡಿದುಕೊಂಡು ಹೊರಗಿನಿಂದಲೇ ಕೇಳುತ್ತಿದ್ದ ಒಬ್ಬ ಸೈಕಲ್ ಹುಡುಗನನ್ನು ನೋಡಿದೆ. ಬೆನ್ನ ಮೇಲೆ ಊಟ ತಲುಪಿಸುವ ದೊಡ್ಡ ಚೀಲ. ಒಂದು ಕಾಲು ಪೆಡಲ್ ಮೇಲೆ, ಒಂದು ನೆಲದ ಮೇಲೆ. ನನಗೆ ಎಂಟನೇ ಕ್ರಾಸ್ ಕಣ್ಣ ಮುಂದೆ ಬಂತು.

ಶನಿವಾರದ ಹಾರ್ಲೆಮ್ ಬಗ್ಗೆ ಮೊದಲು ಹೇಳುತ್ತೇನೆ. ಎಡಿಸನ್ನಿನಿಂದ ರೈಲಿನಲ್ಲಿ ಪೆನ್ ಸ್ಟೇಷನ್. ಅಲ್ಲಿಂದ 2 ಅಥವಾ 3ನೇ ನಂಬರ್ ಸಬ್‌ವೇ ಹತ್ತಿ 125ನೇ ಬೀದಿಯಲ್ಲಿ ಇಳಿಯಬೇಕು. ವಾರಾಂತ್ಯದಲ್ಲಿ ಸಬ್‌ವೇ ದಾರಿ ಬದಲಾಗುವುದುಂಟು, ಹೊರಡುವ ಮುಂಚೆ ನೋಡಿಕೊಳ್ಳಿ. ಇಳಿದು ಐದಾರು ನಿಮಿಷ ನಡೆದರೆ ಪಾರ್ಕು. ಊರ ಮಧ್ಯೆ ಎದ್ದು ನಿಂತ ಕಪ್ಪು ಬಂಡೆಗುಡ್ಡ ಅದು. ಐದನೇ ಎವೆನ್ಯೂನಂಥ ಎವೆನ್ಯೂ ಕೂಡ ಅದಕ್ಕೆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತದೆ. ಗುಡ್ಡದ ತುದಿಯಲ್ಲಿ 1850ರ ದಶಕದ ಎರಕದ ಕಬ್ಬಿಣದ ಗೋಪುರ ಇದೆ. ಆ ಕಾಲದಲ್ಲಿ ಎಲ್ಲಾದರೂ ಬೆಂಕಿ ಬಿತ್ತೇ ಅಂತ ಅಲ್ಲಿಂದ ಕಾವಲು ಕಾಯುತ್ತಿದ್ದರಂತೆ. ಬೆಂಕಿ ಕಂಡರೆ ಗಂಟೆ ಬಾರಿಸುವುದು. ಗೋಪುರವನ್ನು ಬಿಚ್ಚಿ ರಿಪೇರಿ ಮಾಡಿ 2019ರಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಸ್ವಲ್ಪ ಬೇಗ ಹೋದರೆ ಗುಡ್ಡ ಹತ್ತಿ ನೋಡಿಕೊಂಡು ಬನ್ನಿ. ಮೆಟ್ಟಿಲು ಜಾಸ್ತಿ ಇವೆ, ಮೊಣಕಾಲು ನೋವಿರುವವರು ಬಿಟ್ಟುಬಿಡಿ.

ಇದೇ ಪಾರ್ಕಿನಲ್ಲಿ 1969ರ ಬೇಸಿಗೆಯಲ್ಲಿ ಆರು ಭಾನುವಾರ ಹಾರ್ಲೆಮ್ ಕಲ್ಚರಲ್ ಫೆಸ್ಟಿವಲ್ ನಡೆದಿತ್ತು. ಆಗ ಪಾರ್ಕಿನ ಹೆಸರು ಮೌಂಟ್ ಮಾರಿಸ್. ನೀನಾ ಸಿಮೋನ್, ಸ್ಟೀವಿ ವಂಡರ್, ಬಿ.ಬಿ. ಕಿಂಗ್ ಎಲ್ಲ ಬಂದು ಹಾಡಿದ್ದರು. ಅದೂ ಬಿಟ್ಟಿಯೇ. ಅದರ ಚಿತ್ರೀಕರಣದ ಬಹುಪಾಲು ಸುಮಾರು 50 ವರ್ಷ ಯಾರೂ ನೋಡದೆ ಬಿದ್ದಿತ್ತು. ಅಲ್ಲಿ ಕೂತಾಗ ಪಕ್ಕದ ಹೆಂಗಸು, ಎಂಬತ್ತರ ಹತ್ತಿರ ಇರಬಹುದು, ಬಂಡೆ ಕಡೆ ಕೈ ತೋರಿಸಿ 'ಆವತ್ತು ನಾನು ಅಲ್ಲಿ ಕೂತಿದ್ದೆ' ಅಂದರು. ನಾನು ಏನು ಹೇಳಬೇಕೋ ತಿಳಿಯದೆ ಅವರ ಕೈ ಹಿಡಿದುಕೊಂಡೆ.

ಈಗ ಕಛೇರಿ ನಡೆಯುವುದು ಅದೇ ಪಾರ್ಕಿನ ಬಯಲು ರಂಗಮಂದಿರದಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿವೆ. ಎಲ್ಲಿ ಕೂತರೂ ವೇದಿಕೆ ಕಾಣುತ್ತದೆ. ಶಬ್ದ ಕೂಡ ಚೆನ್ನಾಗಿ ಕೇಳುತ್ತದೆ, ದೊಡ್ಡ ಪಿಟೀಲಿನಂಥ ಡಬಲ್ ಬಾಸಿನ ಒಂದೊಂದು ತಂತಿಯೂ ಬೇರೆ ಬೇರೆಯಾಗಿ. ಹಾರ್ಲೆಮ್‌ನ ಹಿರಿಯರು ಅಂದವಾಗಿ ಬಟ್ಟೆ ಹಾಕಿಕೊಂಡು ಬರುತ್ತಾರೆ. ಬಿಳಿ ಪ್ಯಾಂಟು, ಹುಲ್ಲಿನ ಹ್ಯಾಟು, ಇಸ್ತ್ರಿ ಮಾಡಿದ ಅಂಗಿ. ಚರ್ಚಿಗೆ ಹೋದ ಹಾಗೆ. ಹೆಂಗಸರ ಕೈಯಲ್ಲಿ ಬೀಸಣಿಗೆ. ಒಳ್ಳೆಯ ಸಂಗತಿ ಬಂದರೆ ಸುಮ್ಮನೆ ಇರುವುದಿಲ್ಲ, ಗಟ್ಟಿಯಾಗಿ ಮಾತಾಡಿಸುತ್ತಾರೆ. ನಮ್ಮಲ್ಲಿ 'ಭೇಷ್', 'ಆಹಾ' ಅನ್ನುವ ಜಾಗದಲ್ಲಿ ಅವರು 'ಯೆಸ್ ಸರ್', 'ಟೆಲ್ ಇಟ್' ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ. ಶನಿವಾರಗಳಲ್ಲಿ ಪಾರ್ಕಿನಲ್ಲಿ ಆಫ್ರಿಕನ್ ಡ್ರಮ್ ಬಾರಿಸುವ ಒಂದು ಗುಂಪೂ ಸೇರುತ್ತದೆ. ದಶಕಗಳಿಂದ ಬಂದ ಪದ್ಧತಿ. ಕಛೇರಿ ಮುಗಿಸಿ ಹೊರಗೆ ಬರುವಾಗ ಆ ಡ್ರಮ್ಮುಗಳು ಕೇಳಿದರೆ ಅಲ್ಲೂ ಹತ್ತು ನಿಮಿಷ ನಿಲ್ಲಿ.

ಒಂದೇ ತೊಂದರೆ, ಬಿಸಿಲು. ಆಗಸ್ಟ್ ಮಧ್ಯಾಹ್ನ ಮೂರು ಗಂಟೆಯ ಬಿಸಿಲು ತಲೆ ಸುಡುತ್ತದೆ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ. ಟೋಪಿ, ನೀರು, ಒದ್ದೆ ಟವೆಲು ತೆಗೆದುಕೊಂಡು ಹೋಗಿ. ಒಂದು ವರ್ಷ ಹೊರಗಡೆ ಗಾಡಿಯಲ್ಲಿ ಒಬ್ಬ ನನಗೆ ಒಂದು ಬಾಟಲಿ ನೀರಿಗೆ ಬೋರ್ಡಿನಲ್ಲಿದ್ದ ಬೆಲೆಯ ಎರಡರಷ್ಟು ತೆಗೆದುಕೊಂಡ. ಅವತ್ತಿನಿಂದ ಮನೆಯಿಂದಲೇ ಎರಡು ಬಾಟಲಿ ಒಯ್ಯುತ್ತೇನೆ.

ಆದರೆ ನನ್ನ ಮನಸ್ಸು ಇರುವುದು ಭಾನುವಾರದ ಮೇಲೆ.

ಟಾಂಪ್ಕಿನ್ಸ್ ಸ್ಕ್ವೇರ್ ದೊಡ್ಡ ಪಾರ್ಕೇನಲ್ಲ. ಹತ್ತು ಎಕರೆ ಚಿಲ್ಲರೆ. ಎವೆನ್ಯೂ ಎ ಮತ್ತು ಎವೆನ್ಯೂ ಬಿ ನಡುವೆ, 7ನೇ ಬೀದಿಯಿಂದ 10ನೇ ಬೀದಿವರೆಗೆ. ಪೆನ್ ಸ್ಟೇಷನ್ನಿನಿಂದ 14ನೇ ಬೀದಿಗೆ ಬಂದು ಎಲ್ ಟ್ರೈನ್ ಹತ್ತಿ ಫಸ್ಟ್ ಎವೆನ್ಯೂನಲ್ಲಿ ಇಳಿಯಿರಿ. ಅಲ್ಲಿಂದ ಹತ್ತು ನಿಮಿಷ ನಡಿಗೆ. ಪಾರ್ಕಿನ ತುಂಬ ಹಳೆಯ ಎಲ್ಮ್ ಮರಗಳು. ಕೊಂಬೆಗಳು ಮೇಲೆ ಹೋಗಿ ಒಂದಕ್ಕೊಂದು ಕೂಡಿಕೊಂಡು ಚಪ್ಪರ ಕಟ್ಟಿದ ಹಾಗಿವೆ. ಹಾರ್ಲೆಮ್‌ನಲ್ಲಿ ಸಿಗದ ನೆರಳು ಇಲ್ಲಿ ಬೇಕಾದಷ್ಟು. ಆ ಮರಗಳಲ್ಲಿ ಒಂದಕ್ಕೆ 'ಹರೇ ಕೃಷ್ಣ ಮರ' ಅಂತಲೇ ಹೆಸರು. 1966ರ ಅಕ್ಟೋಬರ್ 9ರಂದು ಇಸ್ಕಾನ್ ಸ್ಥಾಪಿಸಿದ ಪ್ರಭುಪಾದರು ಅದರ ಕೆಳಗೆ ಕೂತು ಕೀರ್ತನೆ ಮಾಡಿಸಿದ್ದರು. ಭಾರತದ ಹೊರಗೆ ಬಯಲಲ್ಲಿ ಅವರು ಮಾಡಿಸಿದ ಮೊದಲ ಕೀರ್ತನೆ ಅದು ಅಂತ ಅಲ್ಲಿ ಫಲಕ ಇದೆ. ನಮ್ಮಪ್ಪ ಆ ಮರಕ್ಕೆ ಕೈ ಮುಗಿದೇ ಮುಂದೆ ಹೋದದ್ದು.

ಪಾರ್ಕಿನ ಪೂರ್ವದ ಬೇಲಿ ದಾಟಿದರೆ ಎವೆನ್ಯೂ ಬಿ. ಅಲ್ಲಿ 151ನೇ ನಂಬರಿನ ಮನೆ. ಚಾರ್ಲಿ ಪಾರ್ಕರ್ 1950ರಿಂದ 1954ರವರೆಗೆ ಇದ್ದದ್ದು ಆ ಮನೆಯ ನೆಲ ಅಂತಸ್ತಿನಲ್ಲಿ, ಬಾಳಸಂಗಾತಿ ಚಾನ್ ಮತ್ತೆ ಮಕ್ಕಳ ಜೊತೆ. ಪಾರ್ಕಿನ ಪಕ್ಕದ ಎವೆನ್ಯೂ ಬಿ ತುಂಡಿಗೆ 1992ರಲ್ಲಿ 'ಚಾರ್ಲಿ ಪಾರ್ಕರ್ ಪ್ಲೇಸ್' ಅಂತ ಹೆಸರಿಟ್ಟರು. ಮರುವರ್ಷವೇ ಫೆಸ್ಟಿವಲ್ ಶುರುವಾಯಿತು. ಅಂದರೆ ಈ ಕಛೇರಿ ನಡೆಯುವುದು ಎಲ್ಲೋ ಒಂದು ಪಾರ್ಕಿನಲ್ಲಲ್ಲ. ಅವರ ಮನೆಯ ಎದುರಿನ ಪಾರ್ಕಿನಲ್ಲಿ. ಇದು ನನಗೆ ತುಂಬಾ ದೊಡ್ಡ ವಿಷಯ.

ಆ ಮನೆಯಲ್ಲಿದ್ದ ವರ್ಷಗಳು ಅವರಿಗೆ ಸುಖದವೂ ಹೌದು, ಸಂಕಟದವೂ ಹೌದು. 1949ರಲ್ಲಿ ಬ್ರಾಡ್‌ವೇಯಲ್ಲಿ ಅವರದೇ ಅಡ್ಡಹೆಸರಿನಿಂದ 'ಬರ್ಡ್‌ಲ್ಯಾಂಡ್' ಅನ್ನುವ ಕ್ಲಬ್ ಶುರುವಾಗಿತ್ತು. ಆದರೆ ಆ ಕಾಲದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡುವ ಕಾರ್ಡ್ ಇರಬೇಕಿತ್ತು. 1951ರಲ್ಲಿ ಪಾರ್ಕರ್ ಅವರ ಕಾರ್ಡ್ ಹೋಯಿತು. ಒಂದು ವರ್ಷಕ್ಕೂ ಜಾಸ್ತಿ ಕಾಲ ತಮ್ಮ ಊರಿನ ಕ್ಲಬ್ಬುಗಳಲ್ಲೇ ಅವರು ನುಡಿಸುವ ಹಾಗಿರಲಿಲ್ಲ. ಹೊಟ್ಟೆಪಾಡಿಗೆ ಊರೂರು ಅಲೆದರು. 1954ರಲ್ಲಿ ಪುಟ್ಟ ಮಗಳು ತೀರಿಕೊಂಡಳು. ಮರುವರ್ಷ ಅವರೇ ಹೋದರು. ಅಂಥವರ ಹೆಸರಿನಲ್ಲಿ, ಅವರ ಬಾಗಿಲ ಎದುರೇ, ಕಾರ್ಡೂ ಇಲ್ಲ, ಟಿಕೆಟ್ಟೂ ಇಲ್ಲ, ಯಾರು ಬೇಕಾದರೂ ಬಂದು ಕೇಳಿ ಅಂತ ವರ್ಷ ವರ್ಷ ಸಂಗೀತ ನಡೆಯುತ್ತದೆ. ನೆನೆಸಿಕೊಂಡರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಇನ್ನು ಅರ್ಥ ಆಗತ್ತಾ ಅನ್ನುವ ಪ್ರಶ್ನೆ. ಇದಕ್ಕೆ ನಮ್ಮಪ್ಪನ ಕಥೆಯನ್ನೇ ಹೇಳಬೇಕು.

ಅಪ್ಪ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಹಾಡುಗಾರರಲ್ಲ, ವಾದ್ಯ ನುಡಿಸುವವರೂ ಅಲ್ಲ. ಕೇಳುಗರು. ತಾಳ ಮಾತ್ರ ತಪ್ಪುವವರಲ್ಲ. ಎಂಟನೇ ಕ್ರಾಸಿನಲ್ಲಿ ಐವತ್ತು ವರ್ಷ ತೊಡೆ ಮೇಲೆ ಕೈ ಹಾಕಿ ಕೂತವರು. 78ನೇ ವಯಸ್ಸಿನಲ್ಲಿ ಅಮ್ಮನ ಜೊತೆ ನಮ್ಮಲ್ಲಿಗೆ ಬಂದಿದ್ದರು. 'ಬ್ಯಾಂಡ್ ಸೆಟ್ಟಿನ ಗಲಾಟೆ ನನಗ್ಯಾಕೆ' ಅಂದರು. ನಾನು ಕದ್ರಿಯವರ ಹೆಸರು ತೆಗೆದೆ. ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೋಫೋನಿಗೆ ಮರುಳಾದದ್ದು ನಮ್ಮ ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ. ಆಮೇಲೆ ಅದರಲ್ಲಿ ಗಮಕ ತರಿಸಲು ಸುಮಾರು ಇಪ್ಪತ್ತು ವರ್ಷ ಪಟ್ಟು ಹಿಡಿದು ಕೂತರು. ಅವರದ್ದೂ ಆಲ್ಟೋ, ಪಾರ್ಕರ್ ಅವರದ್ದೂ ಆಲ್ಟೋ. ಇಷ್ಟು ಹೇಳಿದ ಮೇಲೆ ಅಪ್ಪ ಚಪ್ಪಲಿ ಹಾಕಿಕೊಂಡರು.

ನಾವು ವೇದಿಕೆಯ ಎಡಗಡೆ ಒಂದು ಎಲ್ಮ್ ಕೆಳಗೆ ಕೂತೆವು. ಐದು ಜನರ ತಂಡ. ಟ್ರಂಪೆಟ್, ಆಲ್ಟೋ, ಪಿಯಾನೋ, ಬಾಸ್, ಡ್ರಮ್ಸ್. ಆಲ್ಟೋ ನುಡಿಸುತ್ತಿದ್ದವಳು ಇನ್ನೂ ಇಪ್ಪತ್ತೈದು ದಾಟಿರದ ಹುಡುಗಿ. ಮೊದಲು ಟ್ರಂಪೆಟ್ ಮತ್ತು ಆಲ್ಟೋ ಸೇರಿ ಒಂದು ಧಾಟಿ ನುಡಿಸಿದರು. ಆಮೇಲೆ ಒಬ್ಬೊಬ್ಬರೇ ಹೊರಟರು. ಅಪ್ಪ ಮೊದಲ ಐದು ನಿಮಿಷ ಹುಬ್ಬು ಗಂಟಿಕ್ಕಿಕೊಂಡಿದ್ದರು. ಆಮೇಲೆ ಅವರ ಕೈ ತಾನಾಗಿ ತೊಡೆ ಮೇಲೆ ಬಂತು. ಆದಿ ತಾಳ ಹಾಕತೊಡಗಿದರು. ನಾನು ಮಾತಾಡಿಸಲಿಲ್ಲ. ಒಂದು ಹಾಡು ಮುಗಿಯಿತು. ಇನ್ನೊಂದರ ನಡುವೆ ನನ್ನ ಕಡೆ ಬಾಗಿದರು. 'ನೋಡು, ಹದಿನಾರು ಆವರ್ತ. ಹದಿನಾರು ಆದ ತಕ್ಷಣ ತಿರುಗಿ ಅಲ್ಲಿಗೇ ಬರ್ತಾರೆ. ಯಾರು ನುಡಿಸಿದ್ರೂ ಹದಿನಾರೇ' ಅಂದರು.

ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜಾಜಿನ ಬಹಳಷ್ಟು ಹಾಡುಗಳಿಗೆ 32 ಬಾರ್‌ಗಳ ಚೌಕಟ್ಟು ಇರುತ್ತದೆ. ಒಂದು ಬಾರ್‌ಗೆ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ನಮ್ಮ ಆದಿ ತಾಳದ ಎಂಟು ಎಣಿಕೆ, ಒಂದು ಆವರ್ತ. ಲೆಕ್ಕ ಹಾಕಿದರೆ ಸರಿಯಾಗಿ ಹದಿನಾರು. ಆ ಹದಿನಾರರಲ್ಲೂ ನಾಲ್ಕು ಭಾಗ. ಮೊದಲ ನಾಲ್ಕು ಆವರ್ತ ಒಂದು ದಾರಿ. ಮತ್ತೆ ನಾಲ್ಕು ಅದೇ ದಾರಿ. ಮೂರನೆಯ ನಾಲ್ಕರಲ್ಲಿ ಬೇರೆ ಕಡೆ ಹೋಗುತ್ತದೆ. ಕೊನೆಯ ನಾಲ್ಕರಲ್ಲಿ ಮನೆಗೆ ವಾಪಸ್. ಇದೊಂದು ಕೈಗೆ ಸಿಕ್ಕಿತು ಅಂದರೆ ಜಾಜ್ ಕೇಳುವುದು ಅರ್ಧ ಕಲಿತ ಹಾಗೆ. ಪಿಯಾನೋ, ಬಾಸ್ ಆ ಚೌಕಟ್ಟನ್ನು ಸುತ್ತುತ್ತಲೇ ಇರುತ್ತವೆ. ಅದರ ಮೇಲೆ ಸ್ಯಾಕ್ಸೋಫೋನ್ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟುತ್ತದೆ. ನಮ್ಮಲ್ಲಿ ಮನೋಧರ್ಮ ಅನ್ನುತ್ತೇವಲ್ಲ, ಅದೇ. ಒಂದು ಸಾಲು ಹಿಡಿದು ಕಲ್ಪನಾ ಸ್ವರ ಹಾಕಿ ಎಲ್ಲೆಲ್ಲೋ ಸುತ್ತಾಡಿ ಸರಿಯಾಗಿ ಎಡುಪಿಗೆ, ಅಂದರೆ ಆ ಸಾಲು ಶುರುವಾಗುವ ಜಾಗಕ್ಕೆ, ಬಂದು ಕೂಡಿಕೊಂಡಾಗ ಆಗುವ ಖುಷಿ ಇದೆ ನೋಡಿ, ಹದಿನಾರನೇ ಆವರ್ತದ ಕೊನೆಯಲ್ಲಿ ಅದೇ ಖುಷಿ.

ಒಂದು ವ್ಯತ್ಯಾಸ ಮಾತ್ರ ಅಪ್ಪನಿಗೆ ಕಷ್ಟ ಕೊಟ್ಟಿತು. ಇಲ್ಲಿ ಜನ ಚಪ್ಪಾಳೆ ಹಾಕುವುದು ಎರಡು ಮತ್ತು ನಾಲ್ಕನೇ ಎಣಿಕೆಗೆ. ನಾವು ಹೊಡೆತ ಹಾಕುವ ಮೊದಲ ಎಣಿಕೆಯಲ್ಲಿ ಅವರು ಸುಮ್ಮನಿರುತ್ತಾರೆ. 'ಇವರೆಲ್ಲಾ ಸಮ ಬಿಟ್ಟು ಹಾಕ್ತಾರಲ್ಲೇ' ಅಂದರು. ಸ್ವಲ್ಪ ಹೊತ್ತು ಒಂದು ಕೈಯಲ್ಲಿ ತಮ್ಮ ತಾಳ, ಕಾಲಿನಲ್ಲಿ ಅವರ ಎರಡು-ನಾಲ್ಕು ಹಾಕಿ ನೋಡಿದರು. ಕೂಡಿಕೊಂಡಿತು. ಅವರ ಮುಖ ನೋಡಬೇಕಿತ್ತು ನೀವು.

ಇನ್ನೊಂದು ಸೊಗಸು ಕಾದಿತ್ತು. ಹಾಡಿನ ಕೊನೆಗೆ ಬಂದಾಗ ಆಲ್ಟೋ ನಾಲ್ಕು ಬಾರ್ ನುಡಿಸುತ್ತಾಳೆ. ಡ್ರಮ್ಸ್‌ನವರು ನಾಲ್ಕು ಬಾರ್ ಉತ್ತರ ಕೊಡುತ್ತಾರೆ. ಮತ್ತೆ ಅವಳು, ಮತ್ತೆ ಇವರು. ಇದಕ್ಕೆ ಅವರು 'ಟ್ರೇಡಿಂಗ್ ಫೋರ್ಸ್' ಅನ್ನುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟ ಮಾತಾಡಿಕೊಳ್ಳುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾ? ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಆ ಪಾರ್ಕಿನ ಎದುರೇ ನಲವತ್ತು ವರ್ಷದಿಂದ ಇರುವವರಂತೆ, ಅಪ್ಪನ ಕೈಯನ್ನೇ ನೋಡುತ್ತಿದ್ದರು. 'ಅದೇನು ಬೆರಳು ಮಡಿಸಿ ಎಣಿಸುವುದು?' ಅಂತ ಕೇಳಿದರು. ನಾನು ನಡುವೆ ಅನುವಾದ ಮಾಡಿದೆ. ಹೊಡೆತ, ಕಿರುಬೆರಳು, ಉಂಗುರದ ಬೆರಳು, ನಡು ಬೆರಳು. ಆಮೇಲೆ ಹೊಡೆತ, ಬೀಸು, ಹೊಡೆತ, ಬೀಸು. ಅವರು ಕಲಿತೇಬಿಟ್ಟರು. ಮುಂದಿನ ಹಾಡಿಗೆ ಇಬ್ಬರೂ ಸೇರಿ ತಾಳ ಹಾಕಿದರು. ನಾನು ಡಬ್ಬಿ ತೆಗೆದು ಕೋಡುಬಳೆ ಕೊಟ್ಟೆ. ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು.

ಚೌಕಟ್ಟಿನ ಮಾತು ಬಂತಲ್ಲ, ಪಾರ್ಕರ್ ಅದರಲ್ಲಿ ಏನು ಮಾಡಿದರು ಅಂತ ಹೇಳಿದರೆ ಅವರ ದೊಡ್ಡತನ ಗೊತ್ತಾಗುತ್ತದೆ. ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಹಾಡಿನ ಚೌಕಟ್ಟನ್ನು ಹಾಗೇ ಇಟ್ಟುಕೊಂಡು, ಮೇಲಿನ ಧಾಟಿಯನ್ನು ಕಿತ್ತು ಹಾಕಿ, ಹೊಸದೊಂದನ್ನು ಕೂರಿಸಿಬಿಡುತ್ತಿದ್ದರು. 1945ರಲ್ಲಿ ರೆಕಾರ್ಡ್ ಮಾಡಿದ 'ಕೋ ಕೋ' ಹಾಗೆ ಹುಟ್ಟಿದ್ದು, 'ಚೆರೋಕಿ' ಅನ್ನುವ ಹಾಡಿನ ಚೌಕಟ್ಟಿನ ಮೇಲೆ. ನಮ್ಮ ಯಕ್ಷಗಾನದಲ್ಲಿ ಹಳೆಯ ಮಟ್ಟಿಗೆ ಹೊಸ ಪದ ಕಟ್ಟುತ್ತಾರಲ್ಲ, ಹತ್ತಿರ ಹತ್ತಿರ ಹಾಗೆ. ಅಲ್ಲಿ ಧಾಟಿ ಉಳಿದು ಮಾತು ಹೊಸದು. ಇಲ್ಲಿ ಅಡಿಪಾಯ ಉಳಿದು ಧಾಟಿಯೇ ಹೊಸದು. ವೇಗ ಎಷ್ಟಿರುತ್ತದೆ ಅಂದರೆ ಮೊದಲ ಸಲ ಕೇಳುವವರಿಗೆ ಸ್ವರ ಸ್ವರ ಬಿಡಿಸಿಕೊಳ್ಳಲು ಆಗುವುದಿಲ್ಲ. ಬಿಡಿಸಿಕೊಳ್ಳಬೇಡಿ. ಬಾಸ್ ಹಿಡಿದುಕೊಳ್ಳಿ. ಅದು ಹೆಜ್ಜೆ ಹಾಕಿದ ಹಾಗೆ ನಾಲ್ಕು ನಾಲ್ಕು ನಡೆಯುತ್ತಿರುತ್ತದೆ. ಅದರ ಜೊತೆ ನಡೆಯಿರಿ. ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಹೆಸರಿನವರೊಬ್ಬರು ಇದೇ ದಾರಿಯಲ್ಲಿ ತುಂಬಾ ದೂರ ಹೋಗಿದ್ದಾರೆ. ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೇ ಊರು ಯಾವ ಕಡೆ ಅಂತ ಗೊತ್ತಾಗುತ್ತದೆ, ಅಲ್ವಾ? ಬೆಳೆದದ್ದು ಕೊಲೊರಾಡೋದಲ್ಲಿ. ಅವರದ್ದೂ ಆಲ್ಟೋ. 2008ರಲ್ಲಿ ಕದ್ರಿ ಗೋಪಾಲನಾಥರ ಜೊತೆ ಸೇರಿ 'ಕಿನ್ಸ್‌ಮೆನ್' ಅನ್ನುವ ಆಲ್ಬಂ ಮಾಡಿದರು. 2015ರಲ್ಲಿ ಪಾರ್ಕರ್ ಅವರ ಸಂಗೀತದಿಂದಲೇ ಹುಟ್ಟಿದ 'ಬರ್ಡ್ ಕಾಲ್ಸ್' ಬಂತು. ಅಪ್ಪನಿಗೆ ರೈಲಿನಲ್ಲಿ ವಾಪಸ್ ಬರುವಾಗ ಮೊದಲನೆಯದನ್ನು ಹಾಕಿ ಕೊಟ್ಟೆ. ಮೆಟಚನ್ ಸ್ಟೇಷನ್ ಬರುವವರೆಗೂ ಕಿವಿಯಿಂದ ತೆಗೆಯಲಿಲ್ಲ. ಎಡಿಸನ್ ಮುಂದಿನ ಸ್ಟೇಷನ್, ಅವಸರ ಮಾಡಿ ಎಬ್ಬಿಸಬೇಕಾಯಿತು.

ಈಗ ಹೋಗುವವರಿಗೆ ಬೇಕಾದ ಮಾತು. ಭಾನುವಾರ ಕಛೇರಿ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಶುರು, ಏಳರವರೆಗೆ ನಡೆಯುತ್ತದೆ. ಮೂರು ನಾಲ್ಕು ತಂಡ. ನಡುವೆ ವೇದಿಕೆ ಬದಲಾಯಿಸಲು ಅರ್ಧ ಗಂಟೆ ಹಿಡಿಯುತ್ತದೆ. ಮುಂದುಗಡೆಯ ಕುರ್ಚಿಗಳು ಬೇಗ ತುಂಬುತ್ತವೆ. ಒಂದೂವರೆಗೆ ಹೋದರೆ ನಿಶ್ಚಿಂತೆ. ಇಲ್ಲದಿದ್ದರೆ ನಿಮ್ಮದೇ ಕುರ್ಚಿ ಅಥವಾ ಜಮಖಾನ ಒಯ್ಯಿರಿ. ಕುರ್ಚಿ ಗಿಡ್ಡದಾಗಿರಲಿ, ಹಿಂದಿನವರ ಕಣ್ಣಿಗೆ ಅಡ್ಡ ಬರಬಾರದು. ತೀರಾ ಹಿಂದೆ ಕೂತರೆ ಅಷ್ಟು ಒಳ್ಳೆಯದಲ್ಲ. ಅಲ್ಲಿ ಜನ ಪಿಕ್‌ನಿಕ್ಕಿಗೆ ಬಂದ ಹಾಗೆ ಮಾತಾಡುತ್ತಿರುತ್ತಾರೆ, ಎವೆನ್ಯೂ ಎ ಮೇಲೆ ಆಂಬುಲೆನ್ಸ್ ಹೋಗುತ್ತಿರುತ್ತದೆ. ಒಂದು ವರ್ಷ ನನ್ನ ಹಿಂದೆ ಒಬ್ಬರು ನಿಧಾನದ ಹಾಡು ಪೂರ್ತಿ ಫೋನಿನಲ್ಲಿ ಮನೆ ಬಾಡಿಗೆ ವಿಷಯ ಮಾತಾಡಿದರು. ನನಗೆ ಅಳು ಬರುವಷ್ಟು ಬೇಜಾರಾಯಿತು, ಎದ್ದು ಮುಂದೆ ಹೋಗಿ ನೆಲದ ಮೇಲೆ ಕೂತೆ. ನಾಯಿ ಬೊಗಳುವುದೂ ಕೇಳಿಸುತ್ತದೆ, ಪಾರ್ಕಿನೊಳಗೇ ನಾಯಿಗಳು ಓಡಾಡಲು ಬೇರೆ ಜಾಗ ಇದೆ. ಅದೇನೂ ನನಗೆ ತೊಂದರೆ ಅನ್ನಿಸಲಿಲ್ಲ. ಬಯಲು ಅಂದಮೇಲೆ ಊರಿನ ಶಬ್ದವೂ ಕಛೇರಿಯೊಳಗೆ ಬರುತ್ತದೆ. ಒಂದು ಸಲ ಪಿಯಾನೋದವರು ಸೈರನ್ನಿನ ಎರಡು ಸ್ವರ ಹಿಡಿದು ಅದರ ಮೇಲೆಯೇ ನುಡಿಸಿ ಎಲ್ಲರನ್ನೂ ನಗಿಸಿದರು.

ಮಳೆಯ ಬಗ್ಗೆ ಹೇಳಲೇಬೇಕು. ಮೂರು ವರ್ಷದ ಹಿಂದೆ ಎರಡನೇ ತಂಡ ನಡುವಿನಲ್ಲಿದ್ದಾಗ ದಪ್ಪ ಹನಿ ಶುರುವಾಯಿತು. ವಾದ್ಯಗಳ ಮೇಲೆ ಟಾರ್ಪಾಲು ಬಿತ್ತು. ನಾವೆಲ್ಲ ಎವೆನ್ಯೂ ಎ ದಾಟಿ ಅಂಗಡಿಗಳ ಸೂರಿನ ಕೆಳಗೆ ನಿಂತೆವು. ಅರ್ಧ ಗಂಟೆ. ಅರ್ಧಕ್ಕರ್ಧ ಜನ ಮನೆಗೆ ಹೋದರು. ಮಳೆ ನಿಂತ ಮೇಲೆ ಉಳಿದವರು ಟವೆಲಿನಿಂದ ಕುರ್ಚಿ ಒರೆಸಿಕೊಂಡು ಎಲ್ಲರೂ ಮುಂದೆ ಬಂದು ಕೂತೆವು. ತಂಡದವರು ಮೈಕಿನಿಂದ ಸ್ವಲ್ಪ ಹಿಂದೆ ಸರಿದು ನಿಧಾನದ ಒಂದು ಹಾಡು ತೆಗೆದರು. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಏಳು ವರ್ಷದಲ್ಲಿ ನಾನು ಕೇಳಿದ್ದರಲ್ಲಿ ಅದೇ ಎಲ್ಲಕ್ಕಿಂತ ಮೇಲು. ಮಳೆ ಬಂತು ಅಂತ ಓಡಬೇಡಿ, ಸ್ವಲ್ಪ ಕಾಯಿರಿ. ಸಿಡಿಲಿದ್ದರೆ ಮಾತ್ರ ಮರದ ಕೆಳಗೆ ನಿಲ್ಲಬೇಡಿ.

ಊಟಕ್ಕೆ ಯೋಚನೆ ಬೇಡ. ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇನೆ. ಆರು ಗಂಟೆ ಕೂತರೂ ಕೆಡುವುದಿಲ್ಲ. ಬೇಕಾದರೆ ಎರಡನೇ ಎವೆನ್ಯೂನಲ್ಲಿ 'ವೆಸೆಲ್ಕಾ' ಇದೆ. 1954ರಿಂದ ಇರುವ ಉಕ್ರೇನಿಯನ್ ಹೋಟೆಲ್. ಆಲೂಗಡ್ಡೆ ತುಂಬಿದ ಪಿರೋಗಿ ನಮ್ಮ ಕಡುಬಿನ ಅಣ್ಣತಮ್ಮ. ಮಾಂಸ ಬೇಡ ಅಂತ ಹೇಳಿ ತರಿಸಿಕೊಳ್ಳಿ. ಪಾರ್ಕಿನ ಎದುರೇ ಎವೆನ್ಯೂ ಎ ಮೇಲೆ 'ರೇಸ್ ಕ್ಯಾಂಡಿ ಸ್ಟೋರ್' ಅನ್ನುವ ಕಿಂಡಿಯಂಥ ಅಂಗಡಿ. 1974ರಿಂದ ಇದೆ. ಅಲ್ಲಿ 'ಎಗ್ ಕ್ರೀಮ್' ಸಿಗುತ್ತದೆ. ಹೆಸರು ಕೇಳಿ ಅಮ್ಮ ಹಿಂದೆ ಸರಿದರು. ಅದರಲ್ಲಿ ಮೊಟ್ಟೆಯೂ ಇಲ್ಲ, ಕ್ರೀಮೂ ಇಲ್ಲ. ಹಾಲು, ಚಾಕಲೇಟ್ ಪಾಕ, ಸೋಡಾ, ಅಷ್ಟೇ. ಆಮೇಲೆ ಎರಡು ಕುಡಿದರು.

ಎರಡೂ ದಿನ ಹೋಗಲು ಆಗುವವರು ಎರಡೂ ದಿನ ಹೋಗಿ. ಒಂದೇ ದಿನ ಅಂದರೆ ಭಾನುವಾರ. ಹಾರ್ಲೆಮ್‌ನಲ್ಲಿ ಶಬ್ದ ಚೆನ್ನ, ಕೂರಲು ಚೆನ್ನ. ಜಾಜ್ ಗೊತ್ತಿರುವವರಿಗೆ ಅಲ್ಲಿನ ಕೇಳುಗರೇ ಒಂದು ಪಾಠ. ಆದರೆ ಮೊದಲ ಸಲ ಕೇಳುವವರಿಗೆ, ಮಕ್ಕಳಿರುವವರಿಗೆ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಟಾಂಪ್ಕಿನ್ಸ್ ಸ್ಕ್ವೇರ್. ಮುಗಿದ ಮೇಲೆ ನೇರ ಸಬ್‌ವೇಗೆ ಓಡಬೇಡಿ. ಎವೆನ್ಯೂ ಬಿಗೆ ಹೋಗಿ 151ನೇ ಮನೆಯ ಎದುರು ಎರಡು ನಿಮಿಷ ನಿಲ್ಲಿ. ಗೋಡೆಯ ಮೇಲೆ ಫಲಕ ಇದೆ. ಒಳಗೆ ಜನ ವಾಸ ಇದ್ದಾರೆ, ಹಾಗಾಗಿ ಮೆಟ್ಟಿಲು ಹತ್ತಬೇಡಿ, ಎದುರಿನ ಪುಟ್‌ಪಾತಿನಿಂದಲೇ ನೋಡಿ. ಹೋದ ವರ್ಷ ಯಾರೋ ಗೇಟಿನ ಹತ್ತಿರ ಹಳದಿ ಹೂವು ಇಟ್ಟು ಹೋಗಿದ್ದರು.

ಅಪ್ಪ ಈಗ ಮೈಸೂರಿನಲ್ಲೇ ಇದ್ದಾರೆ, ಮತ್ತೆ ಬರುವಷ್ಟು ಶಕ್ತಿ ಇಲ್ಲ. ಇಲ್ಲಿ ಮೂರೂವರೆ ಆದಾಗ ಅಲ್ಲಿ ರಾತ್ರಿ ಒಂದು ಗಂಟೆ. ಆದರೂ ಎದ್ದೇ ಇರುತ್ತಾರೆ. ಹೋದ ವರ್ಷ ಮೊದಲ ತಂಡ ಶುರು ಮಾಡಿದಾಗ ಫೋನ್ ಹಚ್ಚಿ ಹತ್ತು ನಿಮಿಷ ಎತ್ತಿ ಹಿಡಿದೆ. ಕೈ ಸೋತು ಕೆಳಗಿಳಿಸಿ ಕಿವಿಗೆ ಇಟ್ಟುಕೊಂಡರೆ ಆ ಕಡೆಯಿಂದ ತೊಡೆ ಮೇಲೆ ತಟ್ಟುವ ಸದ್ದು ಕೇಳುತ್ತಿತ್ತು. ಆಮೇಲೆ ಅಪ್ಪನ ದನಿ ಬಂತು. 'ಇದು ಆ ಹದಿನಾರಲ್ಲ ಕಣೇ. ಇದು ಆರೇ ಆವರ್ತ.' ಹೌದು. ಅವರು ನುಡಿಸುತ್ತಿದ್ದದ್ದು ಹನ್ನೆರಡು ಬಾರ್‌ಗಳ ಬ್ಲೂಸ್.